ಹೆಡ್‌ಲೈಟ್‌ಗೆ ರಿಲೇ: ಆರಿಸುವುದು, ಜೋಡಿಸುವುದು, ಕೆಟ್ಟರೆ ಹುಡುಕುವುದು

ಹೆಡ್‌ಲೈಟ್ ಮಂದವಾಗಿದೆ ಅನ್ನಿಸಿದ ಕೂಡಲೇ ಅಂಗಡಿಗೆ ಹೋಗಿ 100/90 ವ್ಯಾಟಿನ ಬಲ್ಬು ತಂದು ಹಾಕುವುದು ನಮ್ಮಲ್ಲಿ ರೂಢಿ. ಸ್ವಲ್ಪ ದಿನ ಬೆಳಕು ಚೆನ್ನಾಗಿಯೇ ಇರುತ್ತದೆ. ಆಮೇಲೆ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನಿಂದ ಸುಟ್ಟ ವಾಸನೆ ಬರತೊಡಗುತ್ತದೆ, ಬಲ್ಬಿನ ಹೋಲ್ಡರ್ ಕಂದುಗಟ್ಟುತ್ತದೆ, ಕೊನೆಗೊಂದು ರಾತ್ರಿ ಎರಡೂ ದೀಪ ಒಟ್ಟಿಗೆ ಆರಿಹೋಗುತ್ತವೆ. ಹಳೆಯ ಜೀಪು, ವ್ಯಾನು, ಕಾರುಗಳಲ್ಲಿ ಬಹುಪಾಲು ಸಲ ತಪ್ಪು ಬಲ್ಬಿನದಾಗಿರುವುದಿಲ್ಲ. ಬ್ಯಾಟರಿಯಲ್ಲಿರುವ ವೋಲ್ಟೇಜು ಬಲ್ಬಿನ ತನಕ ಪೂರ್ತಿಯಾಗಿ ತಲುಪುತ್ತಿಲ್ಲ, ಅಷ್ಟೇ. ಅದನ್ನು ತಲುಪಿಸುವುದಕ್ಕೆ ಇರುವುದು ರಿಲೇ, ಅಂದರೆ ಬ್ಯಾಟರಿಯ ಕರೆಂಟನ್ನು ಹತ್ತಿರದ ದಾರಿಯಲ್ಲಿ ಬಲ್ಬಿಗೆ ಬಿಡುವ ಸ್ವಿಚ್ಚು.

ಲೆಕ್ಕ ಸುಲಭ. ಸಾಮಾನ್ಯ ಎಚ್4 ಬಲ್ಬು (ಒಂದರಲ್ಲೇ ಎರಡು ಫಿಲಮೆಂಟು, ಮೂರು ಪಿನ್ನು ಇರುವುದು) 60/55 ವ್ಯಾಟಿನದು: ಹೈ ಬೀಮ್ 60, ಲೋ ಬೀಮ್ 55. ಎಂಜಿನ್ ಓಡುವಾಗ ಒಂದೊಂದು ಫಿಲಮೆಂಟು ಸುಮಾರು 5ರಿಂದ 5.7 ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬಿಗೆ 10–11 ಆಂಪಿಯರ್. ರಿಲೇ ಇಲ್ಲದ ವಾಹನದಲ್ಲಿ ಇಷ್ಟೂ ಕರೆಂಟು ಬ್ಯಾಟರಿಯಿಂದ ಹೊರಟು ಫ್ಯೂಸ್, ಇಗ್ನಿಷನ್, ಲೈಟ್ ಸ್ವಿಚ್, ಹೈ-ಲೋ ಬದಲಿಸುವ ಡಿಮ್-ಡಿಪ್ ಸ್ವಿಚ್ ಎಲ್ಲವನ್ನೂ ಸುತ್ತಿ ಡ್ಯಾಶ್‌ಬೋರ್ಡಿನಿಂದ ಮತ್ತೆ ಮುಂದಕ್ಕೆ ಬರಬೇಕು. ಆ ದಾರಿ 5 ಮೀಟರ್, ತಂತಿ 1 ಚದರ ಮಿ.ಮೀ. ದಪ್ಪ ಅಂದುಕೊಂಡರೆ, 10 ಆಂಪಿಯರ್‌ಗೆ ತಾಮ್ರದ ತಂತಿಯಲ್ಲೇ ಸುಮಾರು 0.9 ವೋಲ್ಟ್ ಹೋಗುತ್ತದೆ. ಸವೆದ ಸ್ವಿಚ್ಚು, ತಂತಿಗಳನ್ನು ಕೂಡಿಸುವ ಸಡಿಲ ಕಪ್ಲರ್, ತುಕ್ಕು ಹಿಡಿದ ಅರ್ತಿಂಗ್ ಬೋಲ್ಟು (ಮೈನಸ್ ತಂತಿಯನ್ನು ಗಾಡಿಯ ಬಾಡಿಗೆ ಬಿಗಿಯುವುದು) ಸೇರಿ ಇನ್ನೂ 0.6 ವೋಲ್ಟನ್ನು ಸುಲಭವಾಗಿ ತಿನ್ನುತ್ತವೆ. ಬ್ಯಾಟರಿಯಲ್ಲಿ 13.8 ಇದ್ದರೆ ಬಲ್ಬಿಗೆ ಸಿಗುವುದು 12.3.

ಒಂದೂವರೆ ವೋಲ್ಟ್ ತಾನೇ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜು 5% ಇಳಿದರೆ ಬೆಳಕು 16% ಇಳಿಯುತ್ತದೆ, 10% ಇಳಿದರೆ 30%. ಮೇಲಿನ ಉದಾಹರಣೆಯಲ್ಲಿ ಮೂರನೇ ಒಂದು ಪಾಲು ಬೆಳಕು ದಾರಿಯಲ್ಲೇ ಕರಗಿಹೋಯಿತು. ಕಳೆದುಹೋದ ಆ 15 ವ್ಯಾಟ್ ಎಲ್ಲಿಗೂ ಓಡಿಹೋಗಿಲ್ಲ, ಸ್ವಿಚ್ಚಿನಲ್ಲೂ ತಂತಿಯಲ್ಲೂ ಬಿಸಿಯಾಗಿ ಕೂತಿದೆ.

ಮೊದಲು ಅಳೆಯಿರಿ

ಅಳೆಯದೆ ರಿಲೇ ಕೊಳ್ಳಬೇಡಿ. ಈಚಿನ ಬಹಳಷ್ಟು ಕಾರುಗಳಲ್ಲಿ ಕಂಪನಿಯಿಂದಲೇ ಹೆಡ್‌ಲೈಟ್ ರಿಲೇ ಇರುತ್ತದೆ. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಯ ಚಿತ್ರ ನೋಡಿದರೆ ತಿಳಿಯುತ್ತದೆ. ಅಂಥ ಗಾಡಿಗೆ ಇನ್ನೊಂದು ಜೊತೆ ರಿಲೇ ಹಾಕುವುದು ದಂಡ.

ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ತುಸು ಒತ್ತಿಹಿಡಿಯಲು ಒಬ್ಬರನ್ನು ಕೂರಿಸಿ, ಲೋ ಬೀಮ್ ಹಾಕಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ನಡುವಿನ ವೋಲ್ಟೇಜು ಬರೆದುಕೊಳ್ಳಿ. ಹೋಲ್ಡರು ಬಲ್ಬಿಗೆ ಸಿಕ್ಕಿಸಿಯೇ ಇರಲಿ. ಮೀಟರಿನ ಮೊನೆಗಳನ್ನು ಹೋಲ್ಡರಿನ ಹಿಂಬದಿಯಿಂದ ತೂರಿಸಿ ಉರಿಯುತ್ತಿರುವ ಫಿಲಮೆಂಟಿನ ಎರಡು ಪಿನ್‌ಗಳ ನಡುವೆ ಅಳೆಯಿರಿ. ಬಲ್ಬು ಕಳಚಿ ಅಳೆದರೆ ಅಳತೆಗೆ ಬೆಲೆಯಿಲ್ಲ. ಕರೆಂಟು ಹರಿಯದಿದ್ದರೆ ತುಕ್ಕು ಹಿಡಿದ ತಂತಿಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ.

ಎರಡರ ವ್ಯತ್ಯಾಸ 0.5 ವೋಲ್ಟಿಗಿಂತ ಕಡಿಮೆ ಇದ್ದರೆ ವೈರಿಂಗ್ ಸರಿಯಾಗಿದೆ. ಬಲ್ಬಿನ ಗಾಜು ಕಪ್ಪಾಗಿದೆಯೋ, ರಿಫ್ಲೆಕ್ಟರ್ ಮಸುಕಾಗಿದೆಯೋ, ಪ್ಲಾಸ್ಟಿಕ್ ಲೆನ್ಸ್ ಹಳದಿಯಾಗಿದೆಯೋ ನೋಡಿ. 0.5ರಿಂದ 1 ವೋಲ್ಟ್ ಇದ್ದರೆ ಮೊದಲು ಅರ್ತಿಂಗ್ ಬೋಲ್ಟು ಬಿಚ್ಚಿ ಮರಳು ಕಾಗದದಿಂದ ಉಜ್ಜಿ ಬಿಗಿದು ಮತ್ತೆ ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. 1 ವೋಲ್ಟ್ ದಾಟಿದರೆ ರಿಲೇ ಹಾಕಿದ ಪ್ರಯೋಜನ ಕಣ್ಣಿಗೆ ಕಾಣುತ್ತದೆ.

ಎಲ್‌ಇಡಿ ಬಲ್ಬು ಹಾಕಿಕೊಂಡವರಿಗೆ ಕರೆಂಟಿನ ದೃಷ್ಟಿಯಿಂದ ರಿಲೇ ಅಗತ್ಯ ಬಹಳ ಕಡಿಮೆ. ಎಸಿಯಲ್ಲಿ, ಅಂದರೆ ಬ್ಯಾಟರಿಯ ಡಿಸಿ ಬದಲು ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನಲ್ಲಿ, ಹೆಡ್‌ಲೈಟ್ ಉರಿಯುವ ಹಳೆಯ ಬೈಕುಗಳಿಗೂ ಇದು ಹೊಂದುವುದಿಲ್ಲ, ಡಿಸಿ ಕಾಯಿಲಿನ ರಿಲೇ ಎಸಿಯಲ್ಲಿ ಟರ್ರ್ ಎಂದು ನಡುಗುತ್ತಲೇ ಇರುತ್ತದೆ.

ರಿಲೇಯ ಮೈಮೇಲಿನ ಅಂಕಿಗಳು

ರಿಲೇ ಅಂದರೆ ಸಣ್ಣ ಕರೆಂಟಿನಿಂದ ಒತ್ತಿಸಿಕೊಳ್ಳುವ ದೊಡ್ಡ ಸ್ವಿಚ್ಚು. ಒಳಗೊಂದು ಕಾಯಿಲ್, ಅದಕ್ಕೆ ವಿದ್ಯುತ್ ಸಿಕ್ಕರೆ ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆದು ದಪ್ಪ ಸಂಪರ್ಕವನ್ನು ಕೂಡಿಸುತ್ತದೆ. 12 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ 80–100 ಓಮ್ ಇರುತ್ತದೆ, ಎಳೆಯುವುದು 0.15 ಆಂಪಿಯರ್ ಆಸುಪಾಸು. ಅಂದರೆ ನಿಮ್ಮ ಸ್ಟಿಯರಿಂಗ್ ಸ್ವಿಚ್ಚು ಇನ್ನುಮೇಲೆ 10 ಆಂಪಿಯರ್ ಹೊರುವ ಬದಲು ಅದರ ಅರವತ್ತನೇ ಒಂದು ಪಾಲನ್ನಷ್ಟೇ ಹೊರುತ್ತದೆ. ಸಿಗದ ಹಳೆಯ ಮಾದರಿಯ ಸ್ವಿಚ್ಚು ಉಳಿಯುವುದು ಬೆಳಕಿನಷ್ಟೇ ದೊಡ್ಡ ಲಾಭ.

ಪಿನ್ನುಗಳ ಅಂಕಿಗಳು ಡಿಐಎನ್ 72552 ಎಂಬ ಜರ್ಮನ್ ಮಾನದಂಡದವು, ಬಹುಪಾಲು ಕಂಪನಿಗಳು ಬಳಸುವುದು ಇವನ್ನೇ. 30 ಅಂದರೆ ಬ್ಯಾಟರಿಯಿಂದ ಬರುವ ದಪ್ಪ ತಂತಿ. 87 ಅಂದರೆ ಬಲ್ಬಿಗೆ ಹೋಗುವುದು. 85 ಮತ್ತು 86 ಕಾಯಿಲಿನ ಎರಡು ತುದಿ. ವಾಡಿಕೆಯಂತೆ 86 ಪ್ಲಸ್, 85 ಮೈನಸ್. ಐದು ಪಿನ್ನಿನ ರಿಲೇಯಲ್ಲಿ ನಡುವೆ 87ಎ ಇರುತ್ತದೆ. ಕಾಯಿಲಿಗೆ ವಿದ್ಯುತ್ ಇಲ್ಲದಾಗ 30 ಅದರೊಂದಿಗೆ ಕೂಡಿಕೊಂಡಿರುತ್ತದೆ.

ಇಲ್ಲಿ ಮೂರು ಮೋಸಗಳಿವೆ. ಮೊದಲನೆಯದು, ನಡುವಿನ ಪಿನ್ನು ಎಲ್ಲ ಐದು ಪಿನ್ನಿನ ರಿಲೇಗಳಲ್ಲೂ 87ಎ ಅಲ್ಲ. ಕೆಲವದರಲ್ಲಿ ಅದೂ 87, ಅಂದರೆ ಒಂದೇ ಸಂಪರ್ಕಕ್ಕೆ ಎರಡು ಹೊರದಾರಿ. ಹೊರಗಿನಿಂದ ಎರಡೂ ಅವಳಿಗಳಂತೆ ಕಾಣುತ್ತವೆ. ಎರಡನೆಯದು, 30 ಮತ್ತು 86ರ ಜಾಗ ಅದಲುಬದಲಾಗಿರುವ ಮಾದರಿಯೂ ಮಾರುಕಟ್ಟೆಯಲ್ಲಿದೆ. ಕೆಟ್ಟ ರಿಲೇಗೆ ಬದಲಿ ತಂದು ಅದೇ ಸಾಕೆಟ್ಟಿಗೆ ತುರುಕಿದರೆ ಕಾಯಿಲಿನ ತಂತಿಗೆ ಬ್ಯಾಟರಿಯ ನೇರ ಸಂಪರ್ಕ ಬರುತ್ತದೆ. ಮೂರನೆಯದು, ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇರುವ ರಿಲೇ. ಅದರಲ್ಲಿ 85, 86 ತಿರುಗುಮುರುಗಾದರೆ ಡಯೋಡ್ ನೇರ ಶಾರ್ಟ್ ಆಗಿ ಫ್ಯೂಸೋ ಸ್ವಿಚ್ಚೋ ಹೋಗುತ್ತದೆ. ಡಯೋಡ್ ಬದಲು ರೆಸಿಸ್ಟರ್ ಇರುವ ರಿಲೇಗೆ ಈ ಕಾಟವಿಲ್ಲ. ಮೂರಕ್ಕೂ ಮದ್ದು ಒಂದೇ: ಪಿನ್ನಿನ ಜಾಗ ನೋಡಿ ಜೋಡಿಸಬೇಡಿ, ಪಿನ್ನಿನ ಬುಡದಲ್ಲಿ ಅಚ್ಚಾಗಿರುವ ಅಂಕಿಯನ್ನೂ ಮೈಮೇಲಿನ ಚಿತ್ರವನ್ನೂ ಓದಿ ಜೋಡಿಸಿ.

ಯಾವುದು ಕೊಳ್ಳಬೇಕು

12 ವೋಲ್ಟ್, 40 ಆಂಪಿಯರ್, ನಾಲ್ಕು ಪಿನ್ನಿನ ರಿಲೇ ಎರಡು. ಒಂದು ಲೋ ಬೀಮಿಗೆ, ಇನ್ನೊಂದು ಹೈ ಬೀಮಿಗೆ. 10 ಆಂಪಿಯರ್‌ಗೆ 40 ಯಾಕೆ ಅಂದರೆ, ತಣ್ಣಗಿರುವ ಫಿಲಮೆಂಟು ಹೊತ್ತಿಕೊಳ್ಳುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆ ಹೊಡೆತವನ್ನು ದಿನಕ್ಕೆ ಹತ್ತಾರು ಸಲ ತಿನ್ನುವುದು ರಿಲೇಯ ಸಂಪರ್ಕ ಬಿಂದು. ಪೆಟ್ಟಿಗೆಯಲ್ಲಿ 30/40 ಎಂದು ಬರೆದಿದ್ದರೆ ದೊಡ್ಡ ಅಂಕಿ 87ರದು, ಸಣ್ಣದು 87ಎಯದು.

ಎರಡು 87 ಇರುವ ಐದು ಪಿನ್ನಿನ ರಿಲೇ ಸಿಕ್ಕರೆ ಹೆಡ್‌ಲೈಟಿಗೆ ಅದು ಬಹಳ ಒಳ್ಳೆಯದು. ಒಂದು 87 ಎಡಕ್ಕೆ, ಇನ್ನೊಂದು ಬಲಕ್ಕೆ, ನಡುವೆ ತಂತಿ ಕೂಡಿಸುವ ಗೋಜಿಲ್ಲ. ಬಾಷ್, ಹೆಲ್ಲಾ, ಮಿಂಡಾದಂಥ ಹೆಸರಿರುವ ಕಂಪನಿಯ ರಿಲೇಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹೆಸರಿಲ್ಲದ ರಿಲೇಗಳೂ ರಾಶಿಯಾಗಿ ಸಿಗುತ್ತವೆ. ಅವುಗಳ ಪಿನ್ನು ತೆಳು, ಮೈ ಹಗುರ. ಕೈಯಲ್ಲಿ ಎರಡನ್ನೂ ಹಿಡಿದು ತೂಗಿನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಲಾರಿ, ಬಸ್ಸು 24 ವೋಲ್ಟಿನವು. ಅಲ್ಲಿ ಎಚ್4 ಬಲ್ಬು 75/70 ವ್ಯಾಟಿನದು, ರಿಲೇಯೂ 24 ವೋಲ್ಟಿನದೇ ಬೇಕು. 12ರ ರಿಲೇ ಹಾಕಿದರೆ ಕಾಯಿಲ್ ನಾಲ್ಕು ಪಟ್ಟು ಬಿಸಿಯಾಗಿ ಸುಟ್ಟುಹೋಗುತ್ತದೆ.

ರಿಲೇ ಇದೆ ಅಂದಮಾತ್ರಕ್ಕೆ 100/90 ಬಲ್ಬು ಹಾಕಬಹುದು ಎಂದು ತೀರ್ಮಾನಿಸಬೇಡಿ. ತಂತಿ ತಡೆದರೂ ಪ್ಲಾಸ್ಟಿಕ್ ರಿಫ್ಲೆಕ್ಟರಿನ ಹೊಳಪು ಆ ಶಾಖಕ್ಕೆ ಉದುರುತ್ತದೆ, ಎದುರಿನವರ ಕಣ್ಣಿಗೆ ಕತ್ತಲೆ ಕವಿಯುತ್ತದೆ, ರಸ್ತೆಯಲ್ಲಿ ಬಳಸಲು ಅದಕ್ಕೆ ಅನುಮತಿಯೂ ಇಲ್ಲ. 60/55ಕ್ಕೆ ಪೂರ್ತಿ ವೋಲ್ಟೇಜು ಕೊಟ್ಟು ನೋಡಿ, ಅದರ ಬೆಳಕು ಸಾಕು.

ತಂತಿ

ಬ್ಯಾಟರಿಯಿಂದ ರಿಲೇವರೆಗೆ 4 ಚದರ ಮಿ.ಮೀ., 2 ಮೀಟರ್. ರಿಲೇಯಿಂದ ಬಲ್ಬುಗಳಿಗೂ ಬಲ್ಬಿನಿಂದ ಅರ್ತಿಂಗಿಗೂ 2.5 ಚದರ ಮಿ.ಮೀ., 8 ಮೀಟರ್ ತಂದರೆ ಕಾರಿಗೆ ಸಾಕಾಗುತ್ತದೆ. ಕಾಯಿಲಿಗೆ 1 ಚದರ ಮಿ.ಮೀ., 3 ಮೀಟರ್. ಅಂಗಡಿಯಲ್ಲಿ ಎಳೆಗಳ ಲೆಕ್ಕದಲ್ಲಿ ಕೇಳುವುದೂ ಉಂಟು: 0.3 ಮಿ.ಮೀ. ದಪ್ಪದ ಎಳೆ 14 ಇದ್ದರೆ 1 ಚದರ ಮಿ.ಮೀ., 36 ಇದ್ದರೆ 2.5, 56 ಇದ್ದರೆ 4.

ತಂದ ತಂತಿಯ ತುದಿ ಸುಲಿದು ಎಳೆಗಳನ್ನು ಬೆರಳಲ್ಲಿ ಬಿಡಿಸಿ ಎಣಿಸಿ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ತಾಮ್ರದ ಲೇಪವಿರುವ ಅಲ್ಯುಮಿನಿಯಂ. ಅಗ್ಗದ ರೆಡಿಮೇಡ್ ಕಿಟ್‌ಗಳಲ್ಲಿ ಹೊರಗಿನ ಪ್ಲಾಸ್ಟಿಕ್ ದಪ್ಪಗಿದ್ದು ಒಳಗೆ ಎಳೆ ಕಡಿಮೆ ಇರುವುದು, ಇದ್ದದ್ದೂ ಅಲ್ಯುಮಿನಿಯಂ ಆಗಿರುವುದು ಎರಡೂ ಸಾಮಾನ್ಯ. ಅಂಥ ಕಿಟ್ ಹಾಕಿದರೆ ಹಳೆಯ ರೋಗ ಹೊಸ ತಂತಿಯಲ್ಲಿ ಮುಂದುವರಿಯುತ್ತದೆ. ಮನೆ ವೈರಿಂಗಿನ ತಂತಿ ಬೇಡ, ಎಂಜಿನ್ ಬಿಸಿಗೆ ಅದರ ಹೊದಿಕೆ ಗಡುಸಾಗಿ ಸೀಳುತ್ತದೆ. ವಾಹನಕ್ಕೆಂದೇ ಮಾಡಿದ ತಂತಿ ಕೇಳಿ.

ಮಿಕ್ಕ ಸಾಮಾನು: ರಿಲೇ ಸಾಕೆಟ್ಟು 2, ಎಚ್4 ಹೋಲ್ಡರ್ 2 (ಸೆರಾಮಿಕ್ ಆದರೆ ಒಳಿತು), ಹಳೆಯ ಹೋಲ್ಡರಿಗೆ ಸಿಕ್ಕಿಸಲು ಎಚ್4 ಮೇಲ್ ಪ್ಲಗ್ (ಬಲ್ಬಿನಂತೆ ಪಿನ್ನು ಹೊರಚಾಚಿರುವುದು) 1, ಬ್ಲೇಡ್ ಫ್ಯೂಸ್ ಹೋಲ್ಡರ್ 5, ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ 4, ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ 1, 6.3 ಮಿ.ಮೀ. ಫೀಮೇಲ್ ಪಿನ್ನು ಒಂದು ಡಜನ್, ರಿಂಗ್ ಥಿಂಬಲ್ (ತಂತಿಯನ್ನು ಬೋಲ್ಟಿಗೆ ಸೇರಿಸುವ ಉಂಗುರದ ತುದಿ) 4, ಹೀಟ್ ಶ್ರಿಂಕ್ ಸ್ಲೀವ್, ಸುರುಳಿ ಪೈಪು, ಟೈ.

ನಾಲ್ಕು ಫ್ಯೂಸ್ ಯಾಕೆಂದು ಕೇಳುವವರಿದ್ದಾರೆ. ಎರಡೂ ಬಲ್ಬಿಗೆ ಸೇರಿ ಒಂದೇ ಫ್ಯೂಸ್ ಹಾಕಿದರೆ, ಒಂದು ಹೋಲ್ಡರಿನಲ್ಲಿ ತಂತಿ ತಾಗಿ ಶಾರ್ಟಾದರೂ ಎರಡು ಕಡೆಯೂ ಕತ್ತಲು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮಂಜು ಮುಸುಕಿರುವಾಗ ಅದು ಆದರೆ ಏನಾಗಬಹುದೆಂದು ಯೋಚಿಸಿ. ಪ್ರತಿ ಫಿಲಮೆಂಟಿಗೆ ಒಂದೊಂದು 10 ಆಂಪಿಯರ್ ಫ್ಯೂಸ್ ಇದ್ದರೆ ಅದರ ಆಚೆಯ ಯಾವ ಶಾರ್ಟೂ ಒಂದಕ್ಕಿಂತ ಹೆಚ್ಚು ದೀಪವನ್ನು ಆರಿಸುವುದಿಲ್ಲ. ನಾಲ್ಕು ಹೋಲ್ಡರಿನ ಖರ್ಚಿಗೆ ಹಿಂಜರಿಯಬೇಡಿ.

ಪ್ಲಸ್ ಬದಲಿಸುವ ಗಾಡಿಯೋ, ಅರ್ತ್ ಬದಲಿಸುವ ಗಾಡಿಯೋ

ಈ ಒಂದು ಪ್ರಶ್ನೆ ಬಿಟ್ಟುಬಿಟ್ಟಿದ್ದರಿಂದಲೇ ಅರ್ಧದಷ್ಟು ರಿಲೇ ಕೆಲಸಗಳು ಕೆಡುತ್ತವೆ. ಸಾಮಾನ್ಯವಾಗಿ ಬಲ್ಬಿನ ಕಾಮನ್ ಪಿನ್ನು (ಎರಡೂ ಫಿಲಮೆಂಟಿಗೆ ಸೇರಿದ್ದು) ಅರ್ತಿಂಗಿಗೆ ಹೋಗುತ್ತದೆ, ಸ್ವಿಚ್ಚು ಲೋ ಅಥವಾ ಹೈ ಪಿನ್ನಿಗೆ ಪ್ಲಸ್ ಕೊಡುತ್ತದೆ. ಜಪಾನಿ ವಿನ್ಯಾಸದ ಹಲವು ಗಾಡಿಗಳಲ್ಲಿ ಇದು ತಲೆಕೆಳಗು: ಲೈಟ್ ಹಾಕಿದಾಗ ಕಾಮನ್ ಪಿನ್ನಿಗೆ ಪ್ಲಸ್ ಬರುತ್ತದೆ, ಡಿಮ್-ಡಿಪ್ ಸ್ವಿಚ್ಚು ಲೋ ಅಥವಾ ಹೈ ಪಿನ್ನನ್ನು ಅರ್ತ್ ಮಾಡುತ್ತದೆ.

ತಿಳಿಯಲು ಎರಡೂ ಕಡೆಯ ಹೋಲ್ಡರುಗಳನ್ನು ಬಲ್ಬಿನಿಂದ ಕಳಚಿ, ಲೈಟ್ ಹಾಕಿ. ಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟು ಹೋಲ್ಡರಿನ ಮೂರೂ ಪಿನ್ನು ಮುಟ್ಟಿ ನೋಡಿ. ಲೋ ಹಾಕಿದಾಗ ಒಂದರಲ್ಲಿ, ಹೈ ಹಾಕಿದಾಗ ಇನ್ನೊಂದರಲ್ಲಿ 12 ವೋಲ್ಟ್ ಬಂದರೆ ಪ್ಲಸ್ ಬದಲಿಸುವ ಗಾಡಿ. ಲೋ-ಹೈ ಏನೇ ಮಾಡಿದರೂ ಒಂದೇ ಪಿನ್ನಿನಲ್ಲಿ 12 ವೋಲ್ಟ್ ನಿಂತಿದ್ದರೆ ಅದೇ ಕಾಮನ್, ಅದು ಅರ್ತ್ ಬದಲಿಸುವ ಗಾಡಿ.

ಇಲ್ಲಿ ಒಂದು ಕಟ್ಟುನಿಟ್ಟಾದ ಸಲಹೆ. ಕಾಯಿಲಿನ ಒಂದು ತುದಿಯನ್ನು ಗಾಡಿಯ ಬಾಡಿಗೆ ಅರ್ತ್ ಮಾಡುವ ಅಭ್ಯಾಸ ಬಿಟ್ಟು, ಎರಡೂ ತುದಿಗಳನ್ನು ಹಳೆಯ ಹೋಲ್ಡರಿನಿಂದಲೇ ತೆಗೆದುಕೊಳ್ಳಿ. ಬಲ್ಬು ಕೂರುತ್ತಿದ್ದ ಜಾಗದಲ್ಲಿ ಕಾಯಿಲ್ ಕೂತಿತು, ಅಷ್ಟೇ. ಆಗ ಗಾಡಿ ಯಾವ ಬಗೆಯದಾದರೂ ಕಾಯಿಲಿಗೆ 12 ವೋಲ್ಟ್ ಸಿಗುತ್ತದೆ. ಡಯೋಡ್ ಇರುವ ರಿಲೇ ಆದರೆ ಮಾತ್ರ ಪ್ಲಸ್ ಬರುವ ಪಿನ್ನಿಗೆ 86 ಕೊಡಲು ಮರೆಯಬೇಡಿ. ಅರ್ತ್ ಬದಲಿಸುವ ಗಾಡಿಯಲ್ಲಿ ಅದು ಕಾಮನ್.

ಲೈಟ್ ಹಾಕದಿದ್ದರೂ ಮೀಟರು ಅರೆಬರೆ ವೋಲ್ಟೇಜು ತೋರಿಸಿದರೆ, ಇಲ್ಲವೇ ಕಂಪ್ಯೂಟರು ಬಲ್ಬನ್ನು ಬಡಿತ ಬಡಿತವಾಗಿ ಉರಿಸುವ ಹೊಸ ಕಾರಾದರೆ, ಈ ವಿಧಾನಕ್ಕೆ ಕೈ ಹಾಕಬೇಡಿ. ವಾರಂಟಿ ಇರುವ ಗಾಡಿಯ ವೈರಿಂಗನ್ನೂ ಮುಟ್ಟಬೇಡಿ.

ಜೋಡಿಸುವ ಕ್ರಮ

1. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕಿಡಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಅದಕ್ಕೇ ಮೈನಸ್ ಮೊದಲು.

2. ರಿಲೇಗಳ ಜಾಗ ಗೊತ್ತುಮಾಡಿ. ಬ್ಯಾಟರಿಗೆ ಹತ್ತಿರ, ಸೈಲೆನ್ಸರ್ ಪೈಪಿಗೆ ದೂರ, ಚಕ್ರದಿಂದ ನೀರು ಎರಚದ ಎತ್ತರ. ಪಿನ್ನುಗಳು ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ಸಾಕೆಟ್ಟು ಬಟ್ಟಲಾಗುತ್ತದೆ. ಮಲೆನಾಡು, ಕರಾವಳಿಯ ಒಂದು ಮಳೆಗಾಲಕ್ಕೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ.

3. ಬ್ಯಾಟರಿಯ ಪ್ಲಸ್ಸಿನಿಂದ 4 ಚದರ ಮಿ.ಮೀ. ತಂತಿ ಎಳೆದು, ಬ್ಯಾಟರಿಯಿಂದ 15–20 ಸೆಂ.ಮೀ. ಒಳಗೇ 30 ಆಂಪಿಯರ್ ಫ್ಯೂಸ್ ಹೋಲ್ಡರ್ ಹಾಕಿ. ಫ್ಯೂಸಿಗಿಂತ ಹಿಂದಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ, ಹಾಗಾಗಿ ಆ ತುಂಡು ಗಿಡ್ಡವಾಗಿರಬೇಕು. ಫ್ಯೂಸನ್ನು ಈಗಲೇ ಸಿಕ್ಕಿಸಬೇಡಿ. ಅಲ್ಲಿಂದ ತಂತಿ ಎರಡೂ ರಿಲೇಗಳ 30ಕ್ಕೆ ಹೋಗಲಿ.

4. ಲೋ ರಿಲೇಯ 87ರಿಂದ ಎರಡು 10 ಆಂಪಿಯರ್ ಫ್ಯೂಸುಗಳು, ಅಲ್ಲಿಂದ ಎಡ ಮತ್ತು ಬಲ ಹೋಲ್ಡರಿನ ಲೋ ಪಿನ್ನು. ಹೈ ರಿಲೇಗೂ ಹೀಗೆಯೇ. ಎಲ್ಲಕ್ಕೂ 2.5 ಚದರ ಮಿ.ಮೀ. ಲೋಗೆ ಒಂದು ಬಣ್ಣ, ಹೈಗೆ ಇನ್ನೊಂದು ಬಣ್ಣದ ತಂತಿ ಬಳಸಿ.

ಎಚ್4 ಬಲ್ಬಿನ ಯಾವ ಪಿನ್ನು ಯಾವುದು ಎಂಬ ಅನುಮಾನವಿದ್ದರೆ ಬಲ್ಬು ಹೊರತೆಗೆದು, ಗಾಜು ಮುಟ್ಟದೆ, 10 ಆಂಪಿಯರ್ ಫ್ಯೂಸ್ ಇರುವ ತಂತಿಯಿಂದ ಬ್ಯಾಟರಿಗೆ ತಾಗಿಸಿ ನೋಡಿ. ಎರಡೂ ಫಿಲಮೆಂಟು ಮಂದವಾಗಿ ಉರಿದರೆ ನೀವು ಹಿಡಿದಿರುವುದು ಲೋ ಮತ್ತು ಹೈ, ಮುಟ್ಟದೆ ಉಳಿದದ್ದು ಕಾಮನ್. ಕೆಳಗೆ ಚಿಕ್ಕ ಲೋಹದ ತೊಟ್ಟಿಲಿನಂಥ ಮರೆ ಇರುವ ಫಿಲಮೆಂಟೇ ಲೋ ಬೀಮ್. ಬೆರಳಿನ ಜಿಡ್ಡು ಗಾಜಿಗೆ ತಾಗಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಆ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆ.

5. ಪ್ರತಿ ಬಲ್ಬಿನ ಕಾಮನ್ ಪಿನ್ನಿಗೆ ಅದರದೇ 2.5 ಚದರ ಮಿ.ಮೀ. ಅರ್ತಿಂಗ್ ತಂತಿ. ಬಾಡಿಯ ಬಣ್ಣ ಕೆರೆದು ಹೊಳೆಯುವ ತಗಡು ಕಾಣಿಸಿ, ಥಿಂಬಲ್ ಇಟ್ಟು ಹಲ್ಲಿನ ವಾಷರಿನೊಂದಿಗೆ ಬಿಗಿಯಿರಿ, ಮೇಲೆ ಗ್ರೀಸ್ ಬಳಿಯಿರಿ. ಫೈಬರ್ ಅಥವಾ ಪ್ಲಾಸ್ಟಿಕ್ ಮುಂಭಾಗ ಇರುವ ಗಾಡಿಯಲ್ಲಿ ಬ್ಯಾಟರಿಯ ಮೈನಸ್ಸಿಗೇ ತಂದು ಸೇರಿಸಿ. ಪ್ಲಸ್ಸಿಗೆ ದಪ್ಪ ತಂತಿ ಹಾಕಿ ಅರ್ತಿಂಗನ್ನು ಹಳೆಯದರಲ್ಲೇ ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ.

6. ಬ್ಯಾಟರಿ ಕಡೆಯ ಹಳೆಯ ಹೋಲ್ಡರಿಗೆ ಮೇಲ್ ಪ್ಲಗ್ ಸಿಕ್ಕಿಸಿ. ಅದರ ಲೋ ಪಿನ್ನಿನಿಂದ ಲೋ ರಿಲೇಯ 86ಕ್ಕೆ, ಹೈ ಪಿನ್ನಿನಿಂದ ಹೈ ರಿಲೇಯ 86ಕ್ಕೆ, ಕಾಮನ್‌ನಿಂದ ಎರಡೂ ರಿಲೇಗಳ 85ಕ್ಕೆ 1 ಚದರ ಮಿ.ಮೀ. ತಂತಿ. ಅರ್ತ್ ಬದಲಿಸುವ ಗಾಡಿಯಾದರೆ 85, 86 ಅದಲುಬದಲು. ಇನ್ನೊಂದು ಕಡೆಯ ಹಳೆಯ ಹೋಲ್ಡರಿಗೆ ಈಗ ಕೆಲಸವಿಲ್ಲ. ಕತ್ತರಿಸದೆ ಟೇಪು ಸುತ್ತಿ ಕಟ್ಟಿಡಿ. ಎಂದಾದರೂ ರಿಲೇ ಕೈಕೊಟ್ಟರೆ ಹಳೆಯ ಹೋಲ್ಡರುಗಳನ್ನೇ ಬಲ್ಬಿಗೆ ಸಿಕ್ಕಿಸಿ ಮನೆ ಸೇರಬಹುದು.

7. ಪಿನ್ನುಗಳನ್ನು ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಿ. ಒಂದು ಜೊತೆ ಕಿವಿ ತಾಮ್ರವನ್ನು ಹಿಡಿಯಬೇಕು, ಇನ್ನೊಂದು ಜೊತೆ ಹೊದಿಕೆಯನ್ನು ಹಿಡಿಯಬೇಕು. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ; ಕಿತ್ತು ಬಂದರೆ ಈಗಲೇ ಬರಲಿ. ಬೆಸುಗೆಯೊಂದನ್ನೇ ನಂಬಬೇಡಿ: ಸೀಸ ಇಳಿದ ತಂತಿ ಕಡ್ಡಿಯಂತೆ ಗಡುಸಾಗಿ, ಎಂಜಿನ್ ನಡುಕಕ್ಕೆ ಸೀಸ ಮುಗಿಯುವ ಗೆರೆಯಲ್ಲೇ ಮುರಿಯುತ್ತದೆ. ಇನ್ನು ಎರಡು ತಂತಿ ಹೊಸೆದು ಟೇಪು ಸುತ್ತುವುದು ಈ ಕೆಲಸದಲ್ಲಿ ಎಲ್ಲೂ ಬೇಡ.

8. ತಂತಿಗಳನ್ನು ಸುರುಳಿ ಪೈಪಿನೊಳಗೆ ಹಾಯಿಸಿ, 15–20 ಸೆಂ.ಮೀ.ಗೊಂದು ಟೈ ಕಟ್ಟಿ. ತಗಡಿನ ತೂತಿನಲ್ಲಿ ದಾಟುವ ಕಡೆ ರಬ್ಬರ್ ಗ್ರೊಮೆಟ್ ಹಾಕಿ. ರೇಡಿಯೇಟರ್ ಫ್ಯಾನಿನ ರೆಕ್ಕೆಗೆ, ಬಾನೆಟ್ ಮುಚ್ಚಿದಾಗ ಒತ್ತುವ ಜಾಗಕ್ಕೆ ತಾಗದಂತೆ ನೋಡಿಕೊಳ್ಳಿ.

9. ಮೈನಸ್ ತಂತಿ ಹಾಕಿ, 30 ಆಂಪಿಯರ್ ಫ್ಯೂಸ್ ಸಿಕ್ಕಿಸದೆಯೇ ಲೈಟ್ ಹಾಕಿ ನೋಡಿ. ಲೋಗೆ ಒಂದು ಟಿಕ್, ಹೈಗೆ ಇನ್ನೊಂದು ಟಿಕ್ ಕೇಳಿಸಿದರೆ ಕಾಯಿಲಿನ ಜೋಡಣೆ ಸರಿ. ಆಮೇಲೆ ಫ್ಯೂಸ್ ಸಿಕ್ಕಿಸಿ. ಮೊದಲು ಮಾಡಿದ ಅಳತೆಯನ್ನೇ ಮತ್ತೆ ಮಾಡಿ: ಬ್ಯಾಟರಿಗೂ ಬಲ್ಬಿಗೂ ವ್ಯತ್ಯಾಸ 0.3 ವೋಲ್ಟಿನ ಒಳಗಿರಬೇಕು. ಹೆಚ್ಚಿದ್ದರೆ ಯಾವುದೋ ಕ್ರಿಂಪ್ ಅಥವಾ ಅರ್ತಿಂಗ್ ಸಡಿಲವಿದೆ.

ಇಪ್ಪತ್ತು ನಿಮಿಷ ಉರಿಸಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ. ರಿಲೇಯ ಮೈ ಬೆಚ್ಚಗಿರುವುದು ಸಹಜ, ಕಾಯಿಲೇ ಸುಮಾರು 2 ವ್ಯಾಟ್ ಶಾಖ ಕೊಡುತ್ತದೆ. ಪಿನ್ನು, ಫ್ಯೂಸ್ ಹೋಲ್ಡರ್, ಥಿಂಬಲ್ ಸುಡುವಂತಿದ್ದರೆ ಅಲ್ಲಿ ಸಂಪರ್ಕ ಸರಿಯಿಲ್ಲ.

ಕೆಟ್ಟರೆ ಎಲ್ಲಿ ನೋಡಬೇಕು

ಟಿಕ್ ಸದ್ದು ಬರುತ್ತದೆ, ದೀಪವಿಲ್ಲ: ಕಾಯಿಲಿನ ಕಡೆ ಸರಿಯಿದೆ. 30ರಲ್ಲಿ 12 ವೋಲ್ಟ್ ಇದೆಯೇ, ಆಮೇಲೆ 87ರಲ್ಲಿ, ಆಮೇಲೆ ಫ್ಯೂಸಿನ ಆಚೆ, ಕೊನೆಗೆ ಅರ್ತಿಂಗ್. ಸದ್ದೇ ಇಲ್ಲದಿದ್ದರೆ ಲೈಟ್ ಹಾಕಿ 85–86 ನಡುವೆ ಅಳೆಯಿರಿ. 12 ವೋಲ್ಟ್ ಇದ್ದೂ ಎಳೆಯದಿದ್ದರೆ ರಿಲೇ ಸತ್ತಿದೆ, ಇಲ್ಲದಿದ್ದರೆ ತೊಂದರೆ ಹಳೆಯ ವೈರಿಂಗಿನಲ್ಲಿದೆ.

ರಿಲೇ ಟರ್ರ್ ಎಂದು ನಡುಗಿದರೆ ಕಾಯಿಲಿಗೆ ಹೋಗುವ ವೋಲ್ಟೇಜು ಸಾಲದು. ಒಳ್ಳೆಯ ರಿಲೇ ಸುಮಾರು 8 ವೋಲ್ಟಿಗೇ ಎಳೆಯುತ್ತದೆ. ಅಷ್ಟೂ ಸಿಗುತ್ತಿಲ್ಲವೆಂದರೆ ಹಳೆಯ ಸ್ವಿಚ್ಚು ಆಗಲೇ ಹಾಳಾಗಿದೆ.

ಸ್ವಿಚ್ಚು ಆರಿಸಿದಾಗ ದೀಪ ಹೊತ್ತಿ, ಹಾಕಿದಾಗ ಆರಿದರೆ 87ರ ಬದಲು 87ಎಗೆ ತಂತಿ ಕೊಟ್ಟಿದ್ದೀರಿ. ಬೆಳಿಗ್ಗೆಯೊಳಗೆ ಬ್ಯಾಟರಿ ಖಾಲಿ. ಕೀ ತೆಗೆದರೂ ಆರದ ದೀಪ ರಿಲೇಗೆ ಒಂದು ಏಟು ಕೊಟ್ಟಾಗ ಆರಿದರೆ ಒಳಗಿನ ಬಿಂದುಗಳು ಬೆಸೆದುಕೊಂಡಿವೆ. ರಿಲೇ ಬದಲಿಸಿ, ಬಲ್ಬಿನ ವ್ಯಾಟೂ ನೋಡಿ.

ಒಂದು ಕಡೆಯ ಬಲ್ಬು ಮಾತ್ರ ಮಂಕಾಗಿ, ಎರಡೂ ಫಿಲಮೆಂಟು ಕೆಂಪಗೆ ಕಾಣುತ್ತಿದ್ದರೆ ಬಲ್ಬು ಬದಲಿಸುತ್ತ ಕೂರಬೇಡಿ, ಆ ಕಡೆಯ ಅರ್ತಿಂಗ್ ಕಡಿದಿದೆ. ನೆಲ ಸಿಗದ ಕರೆಂಟು ಲೋ ಫಿಲಮೆಂಟಿನಿಂದ ಹೈ ಫಿಲಮೆಂಟಿಗೆ ಹಾದು, ಹೈ ತಂತಿಯ ಮೂಲಕ ಇನ್ನೊಂದು ಬಲ್ಬಿನ ಅರ್ತಿಂಗ್ ಹುಡುಕಿಕೊಂಡು ಹೋಗುತ್ತಿರುತ್ತದೆ.

ಅರ್ತ್ ಬದಲಿಸುವ ಗಾಡಿಗಳಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ಸೂಚಕ ಮಂಕಾಗುತ್ತದೆ, ಇಲ್ಲವೇ ಹೈಗೆ ಬದಲಿಸಿದರೂ ಲೋ ರಿಲೇ ಬಿಡುವುದಿಲ್ಲ. ಇಂಥ ಕೆಲವು ಗಾಡಿಗಳಲ್ಲಿ ಆ ಸೂಚಕ ಉರಿಯುತ್ತಿದ್ದುದೇ ಲೋ ಫಿಲಮೆಂಟಿನ ಮೂಲಕ. ಫಿಲಮೆಂಟಿನ ಜಾಗದಲ್ಲಿ ಈಗ 90 ಓಮಿನ ಕಾಯಿಲ್ ಬಂದಿದೆ, ಸೂಚಕದ ಕರೆಂಟು ಅದರಲ್ಲಿ ಹರಿಯುತ್ತಿದೆ. ಸೂಚಕದ ಎರಡು ತಂತಿಗಳನ್ನೂ ಹಳೆಯ ಜಾಗದಿಂದ ಬಿಡಿಸಿ, ಒಂದನ್ನು ಹೈ ಬೀಮಿನ 10 ಆಂಪಿಯರ್ ಫ್ಯೂಸಿನ ಆಚೆಯಿಂದ ಹೊಸದಾಗಿ ಎಳೆದ ತಂತಿಗೂ ಇನ್ನೊಂದನ್ನು ಬಾಡಿಗೂ ಕೊಟ್ಟರೆ ಎರಡೂ ತೊಂದರೆ ಹೋಗುತ್ತವೆ.

ಬೆಳಕಿನ ಎತ್ತರ

ಇಷ್ಟು ದಿನ ಮಂದವಾಗಿದ್ದುದರಿಂದ ದೀಪ ಮೇಲಕ್ಕೆ ತಿರುಗಿದ್ದರೂ ಯಾರಿಗೂ ಚುಚ್ಚುತ್ತಿರಲಿಲ್ಲ. ಈಗ ಚುಚ್ಚುತ್ತದೆ. ಟೈರಿನ ಗಾಳಿ ಸರಿಮಾಡಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟು ನೆಲದಲ್ಲಿ ಗೋಡೆಗೆ ನೇರವಾಗಿ 5 ಮೀಟರ್ ದೂರ ನಿಲ್ಲಿಸಿ. ನೆಲದಿಂದ ಬಲ್ಬಿನ ನಡುಮಧ್ಯದ ಎತ್ತರ ಅಳೆದು ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಲೋ ಬೀಮಿನ ಬೆಳಕು-ಕತ್ತಲೆಯ ಅಂಚು ಆ ಗೆರೆಗಿಂತ 5ರಿಂದ 7 ಸೆಂ.ಮೀ. ಕೆಳಗೆ ಬೀಳುವಂತೆ ಹಿಂಬದಿಯ ಸ್ಕ್ರೂ ತಿರುಗಿಸಿ. ಒಂದು ದೀಪವನ್ನು ಬಟ್ಟೆಯಿಂದ ಮರೆಮಾಡಿ ಇನ್ನೊಂದನ್ನು ಸರಿಮಾಡಿ, ಹೆಚ್ಚು ಹೊತ್ತು ಮುಚ್ಚಿಡಬೇಡಿ.

ಅಂಚು ಎಡಬದಿಯಲ್ಲಿ ಓರೆಯಾಗಿ ಮೇಲೇರಬೇಕು; ನಮ್ಮ ರಸ್ತೆಯ ಎಡ ಮಗ್ಗುಲು ಕಾಣಲೆಂದೇ ಅದು ಹಾಗಿರುವುದು. ಬಲಕ್ಕೆ ಏರುತ್ತಿದ್ದರೆ ಆ ಹೆಡ್‌ಲೈಟು ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಗಳಿಗೆ ಮಾಡಿದ್ದು. ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಎದುರಿನವರ ಮುಖಕ್ಕೇ ಹೊಡೆಯುತ್ತದೆ, ಬದಲಿಸಲೇಬೇಕು.